ಮೈಲೇಜು ಭಾವ: ಒಂದು ಸ್ವಭಾವ ವಿವೇಚನೆ

ಉತ್ತರ ಕನ್ನಡದ ಘಟ್ಟದ ಮೇಲಿನ ಅಡಿಕೆ ಸೀಮೆಯಲ್ಲಿ, ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಊರುಗಳಲ್ಲಿ, ವೈದ್ಯನಿಲ್ಲದ ಊರು ಸಿಗಬಹುದು, ಅಂಗಡಿಯಿಲ್ಲದ ಊರು ಸಿಗಬಹುದು, ಆದರೆ ಹಳೆಯ ವಾಹನಕ್ಕೆ ಹೊಸ ಉಪಕರಣ ಕೂಡಿಸುತ್ತ ಕೂರುವ ಹವ್ಯಾಸಿಯೊಬ್ಬನಿಲ್ಲದ ಊರು ಸಿಗುವುದು ಕಷ್ಟ. ನೆಂಟಸ್ತಿಕೆ ಇರಲಿ ಬಿಡಲಿ, ಸರೀಕನಾದ ಗಂಡಸನ್ನು ‘ಭಾವ’ ಎಂದು ಕರೆಯುವುದು ಈ ಸೀಮೆಯ ಹವ್ಯಕರ ರೂಢಿಯಾದ್ದರಿಂದಲೂ, ಈತನ ಸಕಲ ಸಂಶೋಧನೆಗಳು ಲೀಟರ್ ಡೀಸೆಲ್ಲಿಗೆ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬ ಒಂದೇ ಪ್ರಶ್ನೆಯ ಸುತ್ತ ಸುತ್ತುವುದರಿಂದಲೂ, ಈ ವರ್ಗದ ವ್ಯಕ್ತಿಗೆ ‘ಮೈಲೇಜು ಭಾವ’ ಎಂಬ ಹೆಸರು ಸಲ್ಲುತ್ತದೆ. ಇಲ್ಲಿ ವಿವೇಚನೆಗೆ ಎತ್ತಿಕೊಂಡಿರುವ ಮಾದರಿ ಯಲ್ಲಾಪುರ ತಾಲೂಕಿನ ವಜ್ರಳ್ಳಿಯದು. ಆ ಆಯ್ಕೆಗೆ ಶಾಸ್ತ್ರೀಯ ಕಾರಣವೇನೂ ಇಲ್ಲ, ಅಧ್ಯಯನಕಾರನ ಮನೆ ಆತನ ಮನೆಗೆ ತಾಗಿಕೊಂಡಿದೆ ಮತ್ತು ಅಧ್ಯಯನಕಾರನಿಗೆ ಸ್ವಂತ ಗಾಡಿ ಇಲ್ಲ, ಅಷ್ಟೆ.

ಈ ವರ್ಗದವರ ಸಾಮಾನ್ಯ ಲಕ್ಷಣಗಳನ್ನು ಬೇಗನೆ ಹೇಳಿ ಮುಗಿಸಬಹುದು. ವಯಸ್ಸು ಐವತ್ತರ ಮೇಲೆ. ಅಂಗಿಯ ಕಿಸೆಯಲ್ಲಿ ಪೆನ್ನಿನ ಜೊತೆಗೆ ಟೆಸ್ಟರ್. ಸ್ಕ್ರೂಡ್ರೈವರನ್ನು ಯಾರಿಗೂ ಎರವಲು ಕೊಡದಿರುವ ದೃಢಸಂಕಲ್ಪ. ಗ್ಯಾರೇಜಿನ ಮೇಸ್ತ್ರಿಗಳ ಬಗ್ಗೆ ಆಳವಾದ ಅಪನಂಬಿಕೆ, ಮೇಸ್ತ್ರಿಗಳಿಗೆ ಈತನ ಬಗ್ಗೆ ಇನ್ನೂ ಆಳವಾದದ್ದು. ಮನೆಯ ಸ್ವಿಚ್ಚುಬೋರ್ಡು ಸಡಿಲಾಗಿ ನೇತಾಡುತ್ತಿದ್ದರೂ ಗಾಡಿಯ ವೈರಿಂಗಿನಲ್ಲಿ ಒಂದು ಟೇಪಿನ ತುದಿ ಬಿಟ್ಟುಕೊಂಡಿರುವುದನ್ನು ಈತ ಸಹಿಸುವುದಿಲ್ಲ.

ಪ್ರಸ್ತುತ ಮಾದರಿಯ ಬಳಿ ಇರುವುದು ಮಹೀಂದ್ರ ಕಂಪನಿಯ ಹಳೆಯ ಬೊಲೆರೊ ಪಿಕಪ್, ಅಂದರೆ ಮುಂದೆ ಕ್ಯಾಬಿನ್, ಹಿಂದೆ ತೆರೆದ ಸರಕಿನ ತೊಟ್ಟಿ ಇರುವ ಡೀಸೆಲ್ ಗಾಡಿ. 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿದ ಈ ಕಂಪನಿಯ ವಾಹನಗಳು ಮಲೆನಾಡಿನ ಮಣ್ಣುರಸ್ತೆಗಳಿಗೆ ಎಂದೋ ಒಗ್ಗಿಹೋಗಿವೆ. ಅಡಿಕೆ ಚೀಲ, ಗೊಬ್ಬರ, ದರಕು ಎಂಬ ಒಣ ಎಲೆ, ಮದುವೆಮನೆಯ ಪಾತ್ರೆ, ಸತ್ಯನಾರಾಯಣ ಕಥೆಯ ಬಾಳೆಕಂಬ, ಎಲ್ಲವೂ ಇವುಗಳ ಬೆನ್ನ ಮೇಲೆಯೇ ಸಾಗುತ್ತವೆ. ಇಂಥ ಗಾಡಿಯ ಮುಂಬದಿಯಲ್ಲಿ ವೇಗದ ಮುಳ್ಳು, ಓಡಿದ ದೂರ ಹೇಳುವ ಅಂಕಿಚಕ್ರ, ಡೀಸೆಲ್ ಮಟ್ಟದ ಮುಳ್ಳು ಮತ್ತು ಎಂಜಿನ್ ಬಿಸಿಯ ಮುಳ್ಳು ಇರುತ್ತವೆ. ಇವುಗಳಲ್ಲಿ ಡೀಸೆಲ್ಲಿನ ಮುಳ್ಳು ಏರುದಾರಿಯಲ್ಲಿ ಒಂದು, ಇಳುಕಲಿನಲ್ಲಿ ಇನ್ನೊಂದು ಹೇಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದು, ಆ ಮುಳ್ಳಿನ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಮೈಲೇಜು ಭಾವ ಮಾತ್ರ ಹಚ್ಚಿಕೊಂಡನು. ಅಮೆರಿಕದಲ್ಲಿರುವ ತಂಗಿಯ ಮಗ ರಜೆಗೆ ಬಂದಾಗ, ಮಾವನ ಕೋರಿಕೆಯಂತೆ, ಅಲ್ಲಿಯ ಗುಜರಿಯಿಂದ ತೊಂಬತ್ತರ ದಶಕದ ಡಾಜ್ ಪಿಕಪ್ಪಿನ ನೆತ್ತಿಪೆಟ್ಟಿಗೆಯೊಂದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದನು. ನೆತ್ತಿಪೆಟ್ಟಿಗೆ ಎಂದರೆ ಚಾಲಕನ ಮತ್ತು ಪಕ್ಕದವನ ತಲೆಗಳ ನಡುವೆ ಚಾವಣಿಗೆ ಕೂರಿಸುವ ಪ್ಲಾಸ್ಟಿಕ್ ಕವಚ. ಅದರಲ್ಲಿ ಎರಡು ಪುಟ್ಟ ದೀಪಗಳು, ತಂಪುಕನ್ನಡಕ ಇಡಲೊಂದು ಖಾನೆ, ಮನೆಯ ಗ್ಯಾರೇಜಿನ ಬಾಗಿಲನ್ನು ದೂರದಿಂದ ತೆರೆಯುವ ರಿಮೋಟಿಗೆ ಇನ್ನೊಂದು ಖಾನೆ, ಇವುಗಳ ನಡುವೆ ಪ್ರಯಾಣ ಗಣಕದ ಹಸಿರು ಅಂಕಿಗಳ ಪರದೆ ಇರುತ್ತವೆ. ಪ್ರಯಾಣ ಗಣಕವು ದಿಕ್ಕು, ಹೊರಗಿನ ಉಷ್ಣತೆ, ಸರಾಸರಿ ಮೈಲೇಜು, ಆ ಕ್ಷಣದ ಮೈಲೇಜು, ಟ್ಯಾಂಕು ಬರಿದಾಗುವ ಮುನ್ನ ಇನ್ನೆಷ್ಟು ದೂರ ಹೋಗಬಹುದು ಎಂಬ ಲೆಕ್ಕ, ಇಷ್ಟನ್ನು ಗುಂಡಿ ಒತ್ತಿದಂತೆ ಒಂದೊಂದಾಗಿ ತೋರಿಸುವ ಸಾಧನ. ಅಮೆರಿಕದಲ್ಲಿ 1978ರ ಕ್ಯಾಡಿಲಾಕ್ ಸೆವಿಲ್ ಎಂಬ ದುಬಾರಿ ಕಾರಿನಲ್ಲಿ ಹೆಚ್ಚು ಹಣ ಕೊಟ್ಟವರಿಗೆ ಒದಗಿಸುತ್ತಿದ್ದ ಈ ಸೌಕರ್ಯ, ಮುಂದಿನ ಎರಡು ದಶಕಗಳಲ್ಲಿ ಅಲ್ಲಿಯ ರೈತರ ಪಿಕಪ್ಪುಗಳಿಗೂ ಇಳಿಯಿತು. ವಜ್ರಳ್ಳಿಗೆ ಅದು ತಂಗಿಯ ಮಗನ ಬನಿಯನ್ನುಗಳ ನಡುವೆ ಸುತ್ತಿಕೊಂಡು ಬಂತು.

ಪೆಟ್ಟಿಗೆಯನ್ನು ಕೂರಿಸುವ ಕೆಲಸದಲ್ಲೇ ಮೊದಲ ತೊಡಕು ಎದುರಾಯಿತು. ಅಮೆರಿಕದ ಪಿಕಪ್ಪಿನ ಕ್ಯಾಬಿನ್ ಅಗಲವಾಗಿಯೂ ಎತ್ತರವಾಗಿಯೂ ಇದ್ದು, ಚಾವಣಿಯ ಒಳಗೆ ಕಬ್ಬಿಣದ ಪಟ್ಟಿಯೊಂದು ಪೆಟ್ಟಿಗೆಯ ಭಾರ ಹೊರಲೆಂದೇ ಇರುತ್ತದೆ. ಇಲ್ಲಿಯ ಗಾಡಿಯಲ್ಲಿ ರೆಕ್ಸಿನ್ ಹೊದಿಕೆಯ ಮೇಲೆ ತೆಳ್ಳನೆಯ ತಗಡು, ತಗಡಿನ ಮೇಲೆ ಆಕಾಶ. ಭಾವನು ಉದ್ದದ ಸ್ಕ್ರೂಗಳನ್ನು ತಗಡಿನಾಚೆಗೂ ಹಾಯುವಂತೆ ತಿರುಗಿಸಿ, ಹೊರಗೆ ಎಂ-ಸೀಲ್ ಮೆತ್ತಿ, ಕೆಲಸ ಮುಗಿಯಿತೆಂದು ಸಾರಿದನು. ಯಲ್ಲಾಪುರದ ಮಳೆಗಾಲ ಏನೆಂದು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಆಷಾಢದಲ್ಲಿ ನೀರು ದಿಕ್ಸೂಚಿಯ ಒಳಗಿನಿಂದಲೇ ತೊಟ್ಟಿಕ್ಕತೊಡಗಿತು, ಅದೂ ಚಾಲಕನ ಕಡೆಗಲ್ಲ, ಪಕ್ಕದವನ ತೊಡೆಯ ಮೇಲೆ. ಪೆಟ್ಟಿಗೆ ಜೋತು ಬಿದ್ದ ಎತ್ತರ ಎಷ್ಟೆಂಬುದನ್ನು ಅಳತೆಗೋಲಿನಿಂದ ತಿಳಿಯುವ ಅಗತ್ಯವಿಲ್ಲ, ಇಡಗುಂದಿಯಿಂದ ವಜ್ರಳ್ಳಿಗೆ ಬರುವ ರಸ್ತೆಯ ಹೊಂಡಗಳಲ್ಲಿ ಅಧ್ಯಯನಕಾರನ ಹಣೆಯೇ ಅದನ್ನು ಮತ್ತೆ ಮತ್ತೆ ದಾಖಲಿಸಿದೆ.

ಎರಡನೆಯ ತೊಡಕು ಮೂಲಭೂತವಾದದ್ದು. ಡಾಜ್ ಗಾಡಿಯಲ್ಲಿ ಎಂಜಿನ್ನಿಗೆ ತನ್ನದೇ ಗಣಕವಿದ್ದು, ಎಷ್ಟು ಇಂಧನ ಚಿಮ್ಮಿಸಲಾಯಿತು, ಗಾಡಿ ಎಷ್ಟು ವೇಗದಲ್ಲಿದೆ ಎಂಬ ಸುದ್ದಿಯನ್ನು ಅದು ಹೆಣೆದ ಎರಡು ತಂತಿಗಳಲ್ಲಿ ಗಾಡಿಯ ತುಂಬ ಹರಿಯಬಿಡುತ್ತದೆ, ನೆತ್ತಿಪೆಟ್ಟಿಗೆ ಆ ಸುದ್ದಿಯನ್ನು ಕೇಳಿ ಅಂಕಿಯಾಗಿ ತೋರಿಸುತ್ತದೆ. ಹಳೆಯ ಬೊಲೆರೊ ಪಿಕಪ್ಪಿನಲ್ಲಿ ಇಂಧನ ಚಿಮ್ಮಿಸುವುದು ಯಾಂತ್ರಿಕ ಪಂಪು. ಅದು ದುಡಿಯುತ್ತದೆಯೇ ಹೊರತು ತಾನು ದುಡಿದದ್ದನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ. ಹೀಗಾಗಿ ಪೆಟ್ಟಿಗೆಗೆ ಬ್ಯಾಟರಿಯ ಹನ್ನೆರಡು ವೋಲ್ಟು ಕೊಟ್ಟಾಗ ದೀಪ ಹತ್ತಿತು, ದಿಕ್ಕು ಬಂತು, ಉಷ್ಣತೆ ಬಂತು, ಆದರೆ ಮೈಲೇಜಿನ ಜಾಗದಲ್ಲಿ ಬರೀ ಅಡ್ಡಗೆರೆಗಳು ನಿಂತವು. ಆಚೆ ಕಡೆ ಮಾತಾಡುವವರೇ ಇಲ್ಲದ ಮನೆಗೆ ಫೋನು ಹಾಕಿಸಿಕೊಂಡಂತಾಗಿತ್ತು ಭಾವನ ಸ್ಥಿತಿ. ದೇಶಾದ್ಯಂತ 2017ರ ಏಪ್ರಿಲ್ 1ರಿಂದ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ಮಾನದಂಡಗಳು ಜಾರಿಗೆ ಬಂದ ಮೇಲಿನ ಗಾಡಿಗಳಲ್ಲಾದರೆ ಎಂಜಿನ್ ಗಣಕವೂ ಇದೆ, ಅದರ ಮಾತು ಕೇಳಲು ಪ್ಲಗ್ಗಿನ ಕಿಂಡಿಯೂ ಇದೆ. ಅಂಥ ಗಾಡಿಗಳ ಮಾಲೀಕರು ಆ ಅಂಕಿಗಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ ಎಂಬುದು ಭಾವನ ನಿರಂತರ ಅಳಲು.

ಸೋಲೊಪ್ಪುವುದು ಈ ವರ್ಗದವರ ಸ್ವಭಾವದಲ್ಲಿಲ್ಲ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಇನ್ನೊಬ್ಬ ಸೋದರಳಿಯನನ್ನು ಕರೆಸಿ, ವೇಗದ ಮುಳ್ಳಿಗೆ ಗೇರುಪೆಟ್ಟಿಗೆಯಿಂದ ಬರುವ ತಿರುಗುವ ಕೇಬಲ್ಲಿನ ನಡುವೆ ಅಯಸ್ಕಾಂತದ ಸೆನ್ಸರೊಂದನ್ನು ತೂರಿಸಿ, ಡೀಸೆಲ್ ಪೈಪಿನಲ್ಲಿ ಹರಿವು ಅಳೆಯುವ ಪುಟ್ಟ ಮೀಟರನ್ನು ಕೂರಿಸಿ, ಎರಡರ ಸುದ್ದಿಯನ್ನೂ ಆರ್ಡುಯಿನೊ ಎಂಬ ಅಂಗೈಯಗಲದ ಗಣಕಫಲಕಕ್ಕೆ ಕೊಟ್ಟು, ಕನ್ನಡಕದ ಖಾನೆಯಲ್ಲಿ ಹೊಸದೊಂದು ಪರದೆಯನ್ನು ಸಿಕ್ಕಿಸಲಾಯಿತು. ಗಾಡಿ ಹೆದ್ದಾರಿಗೆ ಬಂದು ಅರವತ್ತರ ವೇಗ ಹಿಡಿದಾಗ ಪರದೆ ಲೀಟರಿಗೆ ಒಂದೂವರೆ ಕಿಲೋಮೀಟರ್ ಎಂದು ತೋರಿಸಿತು. ಭಾವನು ಮೊದಲು ಡೀಸೆಲ್ ಹಾಕಿದ ಬಂಕನ್ನು, ಅನಂತರ ಅಳಿಯನ ಕಾಲೇಜನ್ನು ಸಂಶಯಿಸಿದನು. ಕಾರಣ ಬೇರೆಯೇ ಇತ್ತು: ಡೀಸೆಲ್ ಎಂಜಿನ್ನಿನ ಪಂಪಿಗೆ ಟ್ಯಾಂಕಿನಿಂದ ಹೋಗುವ ಇಂಧನವೆಲ್ಲ ಉರಿಯುವುದಿಲ್ಲ, ಬಹುಪಾಲು ಪಂಪನ್ನು ತಣಿಸಿ, ಅದಕ್ಕೆ ಜಿಡ್ಡು ಕೊಟ್ಟು, ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ, ಹೋದದ್ದನ್ನು ಮಾತ್ರ ಎಣಿಸಿ ಬಂದದ್ದನ್ನು ಎಣಿಸದಿದ್ದರೆ ಗಾಡಿ ಡೀಸೆಲ್ ಕುಡಿಯುವ ರಾಕ್ಷಸನಾಗಿ ಕಾಣುತ್ತದೆ.

ರಿಟರ್ನ್ ಪೈಪಿಗೂ ಇನ್ನೊಂದು ಮೀಟರ್ ಬಂತು. ಆದರೆ ದೊಡ್ಡದೊಂದು ಅಂಕಿಯಿಂದ ಇನ್ನೊಂದು ದೊಡ್ಡ ಅಂಕಿಯನ್ನು ಕಳೆದು ಚಿಕ್ಕ ಉತ್ತರ ಪಡೆಯುವ ಯಾವ ಲೆಕ್ಕದಲ್ಲೂ ತಪ್ಪು ಹಿಗ್ಗುತ್ತದೆ ಎಂಬ ಗಣಿತದ ಸತ್ಯಕ್ಕೆ ವಜ್ರಳ್ಳಿಯಲ್ಲಿ ವಿನಾಯಿತಿ ಇಲ್ಲ. ಗಂಟೆಗೆ ನಲವತ್ತು ಲೀಟರ್ ಹೋಗಿ ಮೂವತ್ತನಾಲ್ಕು ಮರಳುತ್ತದೆ, ಆರು ಲೀಟರ್ ಉರಿಯುತ್ತದೆ ಎಂದಿಟ್ಟುಕೊಳ್ಳೋಣ; ಎರಡೂ ಮೀಟರುಗಳು ನೂರಕ್ಕೆ ಎರಡರಷ್ಟು ಮಾತ್ರ, ಆದರೆ ಒಂದು ಮೇಲಕ್ಕೆ ಒಂದು ಕೆಳಕ್ಕೆ ತಪ್ಪಿದರೂ, ಆ ತಪ್ಪೆಲ್ಲ ಕೂಡಿ ಉರಿದ ಆರು ಲೀಟರಿನ ಕಾಲು ಭಾಗವನ್ನು ಮುಟ್ಟುತ್ತದೆ. ಮೇಲಾಗಿ ಎಂಜಿನ್ನಿನ ಬಿಸಿ ತಗುಲಿ ಮರಳುವ ಡೀಸೆಲ್ ಪ್ರತಿ ಹತ್ತು ಡಿಗ್ರಿಗೆ ಸುಮಾರು ಶೇಕಡಾ 0.8ರಷ್ಟು ಹಿಗ್ಗುವುದರಿಂದ, ಮರಳಿದ್ದು ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮದುವೆಮನೆಯೊಂದರ ಮುಂದೆ ಗಾಡಿಯನ್ನು ಚಾಲೂ ಇಟ್ಟು ನಿಲ್ಲಿಸಿದಾಗ, ಹೋದದ್ದಕ್ಕಿಂತ ಬಂದದ್ದು ಜಾಸ್ತಿ ಎಂದು ಪರದೆ ಸಾರಿದ್ದು ಈ ಕಾರಣಕ್ಕೇ. ಗಾಡಿ ನಿಂತಲ್ಲೇ ಡೀಸೆಲ್ ಹುಟ್ಟಿಸುತ್ತಿದೆ ಎಂಬ ಸುದ್ದಿಯನ್ನು ಪಂಕ್ತಿಯಲ್ಲಿ ಕೂತವರೆಲ್ಲ ಎರಡನೆಯ ಸಲ ಹೋಳಿಗೆ ಬರುವವರೆಗೂ ಚರ್ಚಿಸಿದರು.

ಇಷ್ಟಾದರೂ ಅಂಕಿಗಳಲ್ಲಿ ಭಾವನಿಗಿದ್ದ ಶ್ರದ್ಧೆ ಕುಗ್ಗಲಿಲ್ಲ, ಅದು ಆಯ್ದು ನಂಬುವ ಶ್ರದ್ಧೆಯಾಗಿ ಪಕ್ವಗೊಂಡಿತು. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಅರಬೈಲ್ ಘಟ್ಟವನ್ನು ಗೇರಿನಲ್ಲೇ, ಎಕ್ಸಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಪಂಪಿನ ಗವರ್ನರ್ ಇಂಧನವನ್ನು ತಡೆಯುತ್ತದೆ, ಉರಿಯುವ ಡೀಸೆಲ್ ಸೊನ್ನೆಗೆ ಹತ್ತಿರವಾಗುತ್ತದೆ, ಸೊನ್ನೆಯಿಂದ ಭಾಗಿಸಲಾಗದ ಗಣಕ, ಅಳಿಯ ಬರೆದಿಟ್ಟ ಗರಿಷ್ಠ ಅಂಕಿಯಾದ 99.9ಕ್ಕೆ ಹೋಗಿ ನಿಲ್ಲುತ್ತದೆ. ಗಾಡಿಯ ನಿಜವಾದ ಯೋಗ್ಯತೆ ಇದು ಎಂಬುದು ಭಾವನ ತೀರ್ಮಾನ. ಅದೇ ಘಟ್ಟವನ್ನು ತೆಂಗಿನಕಾಯಿ ತುಂಬಿಕೊಂಡು ಹತ್ತುವಾಗ ಪರದೆ ತೋರಿಸುವ ನಾಲ್ಕು ಮಾತ್ರ ಗಾಡಿಯ ಲೆಕ್ಕಕ್ಕೆ ಸೇರುವುದಿಲ್ಲ. “ಅದು ರಸ್ತೇದು ಭಾವಾ, ಗಾಡೀದಲ್ಲ,” ಎಂಬ ವಿವರಣೆ ಆ ಹೊತ್ತಿಗೆ ತಪ್ಪದೆ ಬರುತ್ತದೆ.

ಈ ಎಲ್ಲ ತೊಂದರೆಗಳನ್ನು ಮೀರಿದ್ದು ದಿಕ್ಸೂಚಿ. ವಜ್ರಳ್ಳಿಯಂಥ ಊರಲ್ಲಿ ದಿಕ್ಕು ತಿಳಿಯಲು ಸಾಧನ ಬೇಕೆಂದು ಯಾರಿಗೂ ಅನಿಸಿದ್ದಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ, ಮುಂದೆ ಹೋದರೆ ಕಳಚೆ, ಹಿಂದೆ ಹೋದರೆ ಇಡಗುಂದಿ. ತಿರುವುಗಳ ಹಾದಿಯಲ್ಲಿ ಪರದೆ ಎಂಟೂ ದಿಕ್ಕುಗಳನ್ನು ಒಂದು ಫರ್ಲಾಂಗಿನೊಳಗೆ ಪಠಿಸಿ ಮುಗಿಸುತ್ತದೆ. ಆದರೂ ಪೆಟ್ಟಿಗೆಯ ಜೊತೆ ಬಂದ ಕೈಪಿಡಿಯ ಪ್ರಕಾರ, ಗಾಡಿಯ ಕಬ್ಬಿಣದ ಮೈ ಭೂಮಿಯ ಕಾಂತತ್ವವನ್ನು ಕದಡುವುದರಿಂದ, ದಿಕ್ಸೂಚಿಯನ್ನು ಆಗಾಗ ಸರಿಗೊಳಿಸಬೇಕು. ಅದಕ್ಕೆ ಬಯಲಿನಲ್ಲಿ ಗಾಡಿಯನ್ನು ನಿಧಾನವಾಗಿ ಪೂರ್ಣ ವೃತ್ತಗಳಲ್ಲಿ ಸುತ್ತಿಸಬೇಕು. ಕಾಂತದ ಉತ್ತರಕ್ಕೂ ಭೂಗೋಳದ ಉತ್ತರಕ್ಕೂ ಇರುವ ಅಂತರವನ್ನು ಹೊಂದಿಸಲು ಅದೇ ಕೈಪಿಡಿಯಲ್ಲಿ ವಲಯಗಳ ನಕಾಶೆಯೂ ಇದೆ, ಆದರೆ ಅದು ಉತ್ತರ ಅಮೆರಿಕದ್ದು. ಕರ್ನಾಟಕದಲ್ಲಿ ಆ ಅಂತರ ಒಂದು ಡಿಗ್ರಿಯ ಆಸುಪಾಸಿನದಾದ್ದರಿಂದ ಅದನ್ನು ಮರೆತರೂ ನಡೆಯುತ್ತದೆ. ಭಾವನು ಮರೆಯಲಿಲ್ಲ, ವಜ್ರಳ್ಳಿಗೆ ಯಾವ ವಲಯ ಒಪ್ಪುತ್ತದೆಂದು ಮೆಕ್ಸಿಕೊ ಮತ್ತು ಕೆನಡಾಗಳ ನಡುವೆ ಬಹುಕಾಲ ಹುಡುಕಿದನು.

ಚಾಲಿ ಅಡಿಕೆ, ಅಂದರೆ ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದ ಬಿಳಿ ಅಡಿಕೆ, ಮಾರಾಟಕ್ಕೆ ಹೋಗುವ ಬೇಸಿಗೆಯ ಒಂದು ಬೆಳಿಗ್ಗೆ, ಅಧ್ಯಯನಕಾರನ ಚೀಲಗಳನ್ನು ಹೇರಿಕೊಂಡು ಗಾಡಿ ಯಲ್ಲಾಪುರಕ್ಕೆ ಹೊರಟಿತ್ತು. ವ್ಯಾಪಾರಿಗಳು ದರ ಬರೆದು ಹಾಕುವ ಟೆಂಡರಿನ ಹೊತ್ತಿಗೆ ಮುನ್ನ ಅಡಿಕೆಯನ್ನು ಸುರಿದು ರಾಶಿ ಮಾಡಿರಬೇಕು, ಇಲ್ಲವಾದರೆ ಅಂದಿನ ವ್ಯಾಪಾರ ತಪ್ಪಿತು. ಯಲ್ಲಾಪುರ ಮೂಡಣಕ್ಕಿರುವಾಗ ಪರದೆ ಪಡುವಣ ತೋರಿಸುತ್ತಿರುವುದು ಹೆದ್ದಾರಿ ಸೇರಿದ ಮೇಲೆ ಭಾವನ ಕಣ್ಣಿಗೆ ಬಿತ್ತು. “ಭಾವಾ, ಐದೇ ನಿಮಿಷ,” ಎಂದು ಗಾಡಿಯನ್ನು ಪಕ್ಕದ ಬಯಲಿಗೆ ಇಳಿಸಿ, ಅಡಿಕೆಯ ಸಮೇತ, ಅಧ್ಯಯನಕಾರನ ಸಮೇತ, ಸುತ್ತತೊಡಗಿದನು. ಸುತ್ತು ಮುಗಿದು ದಿಕ್ಕು ಸರಿಯಾಯಿತು. ಆ ಸಂತೋಷಕ್ಕೆ ಎಲೆಯಡಿಕೆಯ ಒಂದು ಕವಳ ಹಾಕಲಾಯಿತು. ಹೊರಡುವಷ್ಟರಲ್ಲಿ ದಿಕ್ಕು ಮತ್ತೆ ಪಡುವಣ. ಮತ್ತೆ ಸುತ್ತು, ಮತ್ತೆ ಸರಿ, ಮತ್ತೆ ಕವಳ, ಮತ್ತೆ ಪಡುವಣ. ಬಯಲಿನಲ್ಲಿ ದನ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಬಹಳ ಹೊತ್ತು ನೋಡಿ, “ಇಲ್ಲೆಂತಾ ದೇವ್ರಿದ್ದನಾ ತಮಾ, ಇಷ್ಟು ಪ್ರದಕ್ಷಿಣೆ ಹಾಕ್ತೆ?” ಎಂದು ಕೇಳಿದಳು.

ದೇವರಿರಲಿಲ್ಲ, ಅಡಕತ್ತರಿ ಇತ್ತು. ಗ್ಯಾರೇಜಿನ ರಿಮೋಟ್ ಇಡಬೇಕಾದ ಖಾನೆಯಲ್ಲಿ, ಆ ರಿಮೋಟಿನಿಂದ ತೆರೆಯುವ ಬಾಗಿಲು ಇಡೀ ಸೀಮೆಯಲ್ಲಿ ಎಲ್ಲಿಯೂ ಇಲ್ಲವಾದ್ದರಿಂದ, ಭಾವನು ಎಲೆ, ಸುಣ್ಣದ ಡಬ್ಬಿ ಮತ್ತು ಅಪ್ಪಯ್ಯನ ಕಾಲದ ತೂಕದ ಕಬ್ಬಿಣದ ಅಡಕತ್ತರಿಯನ್ನು ಇಟ್ಟುಕೊಂಡಿದ್ದನು. ಆ ಖಾನೆಯ ಬೆನ್ನಿಗೇ ದಿಕ್ಸೂಚಿಯ ಸೆನ್ಸರ್ ಇತ್ತು. ಅಡಕತ್ತರಿ ಇಟ್ಟ ಭಂಗಿಗೆ ತಕ್ಕಂತೆ ವಜ್ರಳ್ಳಿಯ ಉತ್ತರ ಬದಲಾಗುತ್ತಿತ್ತು, ಪ್ರತಿ ಕವಳಕ್ಕೂ ಅದರ ಭಂಗಿ ಬದಲಾಗುತ್ತಿತ್ತು. ಇದು ತಿಳಿಯುವಷ್ಟರಲ್ಲಿ ಟೆಂಡರಿನ ಹೊತ್ತು ಮೀರಿತ್ತು, ಮತ್ತು ಮುಂದಿನ ಟೆಂಡರಿನಲ್ಲಿ ದರ ಇಳಿದಿತ್ತು. ಆ ನಷ್ಟದ ಪ್ರಸ್ತಾಪ ಬಂದಾಗಲೆಲ್ಲ ಭಾವನು ಅಂದಿನ ಮೈಲೇಜು ಎಷ್ಟು ಚೆನ್ನಾಗಿತ್ತೆಂಬುದನ್ನು ನೆನಪಿಸುತ್ತಾನೆ.

ಉಳಿದ ಉಪದ್ರವಗಳು ಸಣ್ಣವು. ಉಷ್ಣತೆಯ ಸೆನ್ಸರನ್ನು ರೇಡಿಯೇಟರಿನ ಮುಂದೆ ಕಟ್ಟಿರುವುದರಿಂದ ನಿಂತ ಗಾಡಿಯಲ್ಲಿ ಅದು ಎಂಜಿನ್ನಿನ ಬಿಸಿಯನ್ನೇ ಊರಿನ ಸೆಕೆ ಎಂದು ವರದಿ ಮಾಡುತ್ತದೆ. ಪೆಟ್ಟಿಗೆಗೆ ವಿದ್ಯುತ್ತನ್ನು ಚಾವಿ ತಿರುಗಿಸಿದಾಗ ಮಾತ್ರ ಹರಿಯುವ ತಂತಿಯಿಂದ ಕೊಡದೆ ನೇರ ಬ್ಯಾಟರಿಯಿಂದ ಕೊಟ್ಟದ್ದರಿಂದ, ರಾತ್ರಿಯೆಲ್ಲ ಅದು ಕರೆಂಟು ಹೀರಿ, ಬೆಳಿಗ್ಗೆ ನೆರೆಮನೆಯವರು ಬಂದು ಗಾಡಿ ದೂಡುವ ಸಂಪ್ರದಾಯವೊಂದು ಕೆಲಕಾಲ ನಡೆಯಿತು. ನೋಂದಣಿ ಪುಸ್ತಕದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆನ್ನುವ ಮೋಟಾರು ವಾಹನ ಕಾಯಿದೆ, 1988ರ 52ನೇ ಕಲಮು ನೆತ್ತಿಪೆಟ್ಟಿಗೆಗೆ ತಾಗುವುದಿಲ್ಲ ಎಂಬ ವಾದವನ್ನು ಭಾವನು ಕೇಳದವರಿಗೂ ಮಂಡಿಸುತ್ತಾನೆ. ಮನೆಯಾಕೆ ಇಡೀ ಏರ್ಪಾಟನ್ನು ‘ಆ ಡಬ್ಬಿ’ ಎಂಬ ಎರಡು ಶಬ್ದಗಳಲ್ಲಿ ಮುಗಿಸುತ್ತಾಳೆ. ಇಷ್ಟನ್ನೂ ಎಣಿಸಿಟ್ಟುಕೊಂಡಿರುವ ಅಧ್ಯಯನಕಾರ ಸ್ವತಃ ಅಂಗಳದಲ್ಲಿ ಮಳೆಮಾಪಕ ನೆಟ್ಟವನಾಗಿದ್ದು, ಸಿಕ್ಕವರಿಗೆಲ್ಲ ನಿನ್ನೆ ಬಿದ್ದ ಮಳೆ ಎಷ್ಟು ಇಂಚು ಎಂದು ಹೇಳದೆ ಬಿಡುವವನಲ್ಲ ಎಂಬುದನ್ನೂ, ಅದನ್ನು ಕೇಳಿಸಿಕೊಂಡು ಮರುಪ್ರಶ್ನೆ ಹಾಕುವವನು ಊರಲ್ಲಿ ಮೈಲೇಜು ಭಾವನೊಬ್ಬನೇ ಎಂಬುದನ್ನೂ ಇಲ್ಲಿ ದಾಖಲಿಸುವುದು ನ್ಯಾಯ.

ಆ ಮರುಪ್ರಶ್ನೆಯಲ್ಲೇ ಈ ವರ್ಗದವರ ಮರ್ಮ ಇರಬಹುದು. ಬೆಂಗಳೂರಿನಲ್ಲಿರುವ ಮಗ ಹೊಸ ಗಾಡಿ ಕೊಡಿಸುವೆನೆಂದು ಹಲವು ಸಲ ಹೇಳಿದ್ದಾನೆ. ಅದರಲ್ಲಿ ಈ ಎಲ್ಲ ಅಂಕಿಗಳೂ ಕಂಪನಿಯಿಂದಲೇ ಬರುತ್ತವೆ. ಭಾವನಿಗೆ ಅದು ಬೇಡ. ಅಪ್ಪಯ್ಯನನ್ನು ಕೊನೆಯ ಬಾರಿ ಆಸ್ಪತ್ರೆಗೆ ಒಯ್ದದ್ದು, ಮಗಳ ಮದುವೆಯ ಸಾಮಾನು ತಂದದ್ದು, 2021ರ ಜುಲೈ ಮಳೆಯಲ್ಲಿ ಕಳಚೆಯ ಗುಡ್ಡ ಕುಸಿದು ತೋಟ, ಮನೆ, ರಸ್ತೆಗಳು ಕೊಚ್ಚಿಹೋದಾಗ ದಾರಿ ಇರುವಷ್ಟು ದೂರ ಅಕ್ಕಿ, ಗ್ಯಾಸು, ಸೀಮೆಎಣ್ಣೆ ಮುಟ್ಟಿಸಿದ್ದು ಈ ಹಳೆಯ ಗಾಡಿಯೇ. ಇಷ್ಟೆಲ್ಲ ಮಾಡಿದ ಜೀವವೊಂದು ಬಾಯಿಬಿಟ್ಟು ಏನಾದರೂ ಹೇಳಲಿ ಎಂದು ಬಯಸುವುದನ್ನು ಹುಚ್ಚೆನ್ನುವುದು ಕಷ್ಟ. ಮಕ್ಕಳು ದೂರ ಹೋದ ಮನೆಗಳಲ್ಲಿ ಸಂಜೆಯ ಹೊತ್ತು ಕೇಳಿದ್ದಕ್ಕೆ ಉತ್ತರ ಕೊಡುವ ವಸ್ತು ಯಾವುದಿದ್ದರೂ ಅದರ ಉತ್ತರ ಸರಿಯೋ ತಪ್ಪೋ ಎಂಬುದನ್ನು ಯಾರು ಅಷ್ಟಾಗಿ ನೋಡುತ್ತಾರೆ. ಹಿರಿಯರಿಗೆ ವಾರಕ್ಕೊಂದು ಫೋನು ಮಾಡಲಾಗದವರು ಅವರ ಗೀಳುಗಳನ್ನು ಕಂಡು ನಗುವ ಮೊದಲು ಯೋಚಿಸಬೇಕು. ವಿವೇಚನೆ ಇಲ್ಲಿ ಮೈಲೇಜು ಬಿಟ್ಟು ಮಗನ ಕಡೆ ತಿರುಗಿದೆ. ಮಗ ಒಳ್ಳೆಯವನೇ, ವಾರಕ್ಕೆ ಎರಡು ಸಲ ಫೋನು ಮಾಡುತ್ತಾನೆ, ಅದರಲ್ಲಿ ಒಂದು ಸಲವಾದರೂ ಮೈಲೇಜು ಕೇಳುತ್ತಾನೆ.

ಹಳೆಯ ಡೀಸೆಲ್ ಗಾಡಿಯ ಮೈಲೇಜು ತಿಳಿಯಬಯಸುವ ಓದುಗರಿಗೆ ಪೆಟ್ಟಿಗೆ ಬೇಕಾಗಿಲ್ಲ. ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ, ಅಂಕಿಚಕ್ರದ ಸಂಖ್ಯೆ ಬರೆದಿಟ್ಟುಕೊಂಡು, ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಕಂಠಪೂರ್ತಿ ತುಂಬಿಸಿ, ಓಡಿದ ದೂರವನ್ನು ಎರಡನೆಯ ಬಾರಿ ಹಿಡಿಸಿದ ಲೀಟರಿನಿಂದ ಭಾಗಿಸಿದರೆ ಬರುವ ಉತ್ತರ ಯಾವ ಪರದೆಯ ಉತ್ತರಕ್ಕಿಂತಲೂ ನಂಬಲರ್ಹ. ವಜ್ರಳ್ಳಿಯ ಕಡೆ ಗಾಡಿ ಬೇಕಾದವರಿಗೆ ಹೇಳಬಹುದಾದದ್ದು ಇಷ್ಟು: ಟೆಂಡರಿಗೆ ಅಡಿಕೆ ಒಯ್ಯುವುದಿದ್ದರೆ ಬೇರೆ ಗಾಡಿ ನೋಡಿಕೊಳ್ಳಬೇಕು, ನಡುರಾತ್ರಿ ಹೆರಿಗೆಗೋ ಹಾವು ಕಚ್ಚಿದ್ದಕ್ಕೋ ಯಲ್ಲಾಪುರದ ಆಸ್ಪತ್ರೆಗೆ ಓಡುವುದಿದ್ದರೆ ಮೈಲೇಜು ಭಾವನಿಗೇ ಫೋನು ಮಾಡಬೇಕು, ಆ ಹೊತ್ತಿನಲ್ಲಿ ಆತ ಮೇಲೆ ನೋಡುವುದಿಲ್ಲ. ಡೀಸೆಲ್ಲಿನ ಹಣವನ್ನು ಮಾತ್ರ ಯಾವ ಸಂದರ್ಭದಲ್ಲೂ ಪರದೆ ನೋಡಿ ಲೆಕ್ಕ ಹಾಕಲು ಬಿಡಬಾರದು.